ಗೌರಿಯ 24 ಲೀಟರ್

ನಮ್ಮ ಕೊಟ್ಟಿಗೆ ಗೋಡೆಗೆ ಒಂದು ಕ್ಯಾಲೆಂಡರ್ ನೇತು ಹಾಕಿದ್ದೇವೆ. ಅಮಾವಾಸ್ಯೆ, ಏಕಾದಶಿ ನೋಡೋಕೆ ಮನೆ ಒಳಗೆ ಬೇರೆ ಇದೆ. ಇದು ಹಸುಗಳದ್ದು. ಯಾವುದು ಯಾವತ್ತು ಕರು ಹಾಕಿತು, ಯಾವತ್ತು ಬೆದೆಗೆ ಬಂತು, ಯಾವತ್ತು ಸೆಮೆನ್ ಹಾಕಿಸಿದೆವು, ಎಲ್ಲಾ ಅದರಲ್ಲೇ. ನೀಲಿ ಪೆನ್ನಲ್ಲಿ ಸುತ್ತು ಹಾಕಿದ್ದರೆ ಹಾಕಿಸಿದ ದಿನ. ಸುತ್ತಿನ ಮೇಲೆ ಅಡ್ಡಗೆರೆ ಇದ್ದರೆ ಗಬ್ಬ ನಿಲ್ಲಲಿಲ್ಲ ಅಂತ. 2023ರ ಕ್ಯಾಲೆಂಡರನ್ನು ನಾನು ಇನ್ನೂ ಎಸೆದಿಲ್ಲ. ಅದರಲ್ಲಿ ಗೌರಿಯ ಹೆಸರಲ್ಲಿ ಐದು ಅಡ್ಡಗೆರೆ ಇವೆ.

ಮೊದಲು ನಮ್ಮ ವಿಷಯ ಹೇಳಿಬಿಡುತ್ತೇನೆ. ನಮ್ಮದು ನಾಗಮಂಗಲದ ಕಡೆ ಒಂದು ಹಳ್ಳಿ. ಮೂರು ಹಸು, ಒಂದಿಷ್ಟು ತೆಂಗು, ಮಳೆ ಬಂದರೆ ರಾಗಿ. ಊರಿನ ಮಹಿಳಾ ಡೈರಿಯಲ್ಲಿ ನಾನೇ ಹಾಲು ಟೆಸ್ಟ್ ಮಾಡೋದು. ಬೆಳಿಗ್ಗೆ ಆರೂವರೆಗೆ ಒಂದ್ಸಲ, ಸಂಜೆ ಒಂದ್ಸಲ. ಯಾರ ಹಾಲಲ್ಲಿ ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರುವ ಗಟ್ಟಿ ಅಂಶ) ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಅಷ್ಟಿದ್ದೂ ನನ್ನ ಹಸುವಿನ ಹಾಲು ನನಗೇ ಏನು ಹೇಳುತ್ತಿತ್ತು ಅಂತ ಗೊತ್ತಾಗಲಿಲ್ಲ. ಅದೇ ಈ ಕತೆ.

ಗೌರಿ ಎಚ್‌ಎಫ್ ಕ್ರಾಸ್. ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿಯ ಮಿಶ್ರತಳಿ. ಕಪ್ಪು ಬಿಳುಪು, ಹಣೆ ಮೇಲೆ ಕುಂಕುಮ ಇಡುವ ಜಾಗದಲ್ಲೇ ಒಂದು ಬಿಳಿ ಚುಕ್ಕೆ. 2022ರ ನವೆಂಬರ್ 12ಕ್ಕೆ ಎರಡನೇ ಸೂಲು ಕರು ಹಾಕಿದಳು. ಹೆಣ್ಣು ಕರು. ಕಸ (ಮಾಸು) ಸರಿಯಾಗಿ ಬಿತ್ತು, ಗಿಣ್ಣು ಊರಿಗೆಲ್ಲಾ ಹಂಚಿದ್ದಾಯಿತು. ಆಮೇಲೆ ಹಾಲು ಏರುತ್ತಾ ಹೋಯಿತು. ಹದಿನಾರು, ಹತ್ತೊಂಬತ್ತು, ಇಪ್ಪತ್ತೆರಡು. ಡಿಸೆಂಬರ್ ಕೊನೆಗೆ ಬೆಳಿಗ್ಗೆ 13, ಸಂಜೆ 11. ಒಟ್ಟು 24 ಲೀಟರ್. ನಮ್ಮೂರಿಗೆ ಅದು ಸಣ್ಣ ಸುದ್ದಿ ಅಲ್ಲ. ನಮ್ಮನೆಯವರು ಕ್ಯಾನ್ ಹಿಡಿದು ಹೋಗುವಾಗ ಹಿತ್ತಲ ದಾರಿ ಬಿಟ್ಟು, ಬೇಕಂತಲೇ ಅರಳಿಕಟ್ಟೆ ಮುಂದೆ ಹೋಗುತ್ತಿದ್ದರು.

ಆ ದಿನಗಳಲ್ಲಿ ಒಂದು ಸಲ ಸುಮ್ನೆ ಕುತೂಹಲಕ್ಕೆ ಗೌರಿಯ ಹಾಲನ್ನು ಮಾತ್ರ ಬೇರೆಯಾಗಿ ಟೆಸ್ಟ್ ಮಾಡಿದೆ. ಫ್ಯಾಟ್ 4.6. ಎಚ್‌ಎಫ್ ಹಸುವಿಗೆ 3.5 ಬಂದರೆ ನಾವೆಲ್ಲ ಸಮಾಧಾನ ಪಡುವವರು. ಅಷ್ಟು ಹಾಲು, ಅದರ ಮೇಲೆ ಅಷ್ಟು ಫ್ಯಾಟ್! ಮಿಷನ್ನೇ ಕೆಟ್ಟಿರಬೇಕು ಅಂತ ಇನ್ನೊಂದ್ಸಲ ಹಾಕಿದೆ. ಅದೇ ಬಂತು. ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ.

ಅತ್ತೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವರು ನನ್ನ ಮುಖ ನೋಡಲೇ ಇಲ್ಲ. ಗೌರಿಯ ಸೊಂಟದ ಮೂಳೆ ಮೇಲೆ ಕೈಯಿಟ್ಟರು. "ಇಲ್ಲಿ ಮುಟ್ಟಿ ನೋಡು. ಇದಕ್ಕೆ ಟವಲ್ ನೇತಾಕ್ಬೋದು. ಇದ್ರ ಮೈಯೇ ಬಕೀಟಿಗೆ ಇಳೀತಾ ಅದೆ ಕಣವ್ವ, ನೀನು ಫ್ಯಾಟು ಫ್ಯಾಟು ಅಂತೀಯ."

ಮುದುಕಿಗೆ ಏನಾದರೊಂದು ಕೊಂಕು ಇರಲೇಬೇಕು ಅಂದುಕೊಂಡೆ. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ತಿಳಿಯೋಕೆ ನನಗೆ ಎಂಟು ತಿಂಗಳು ಬೇಕಾಯಿತು.

ನನ್ನ ತಂಗಿ ಮಗ ಹಾಸನದ ವೆಟರ್ನರಿ ಕಾಲೇಜಿನಲ್ಲಿ ಓದುತ್ತಾನೆ. ಅವನು ಫೋನಲ್ಲಿ ಹೇಳಿದ್ದು: "ದೊಡ್ಡಮ್ಮಾ, ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತೆ, ಒಂದೂವರೆ ತಿಂಗಳಿಗೆಲ್ಲಾ ಮೇಲೆ ಹೋಗಿಬಿಡುತ್ತೆ. ಹೊಟ್ಟೆ ಮಾತ್ರ ನಿಧಾನ. ಮೇವು ತಿನ್ನೋದು ಪೂರ್ತಿ ಏರೋಕೆ ಎರಡೂವರೆ, ಮೂರು ತಿಂಗಳು ಬೇಕು. ಆ ನಡುವಿನ ದಿನಗಳಲ್ಲಿ ಹಸು ಮೈಮೇಲಿನ ಕೊಬ್ಬು ಕರಗಿಸಿ ಹಾಲು ಕೊಡುತ್ತೆ. ಆ ಕೊಬ್ಬೇ ನಿಮ್ಮ ಮಿಷನ್ನಲ್ಲಿ ಫ್ಯಾಟ್ ಅಂತ ಕಾಣಿಸೋದು."

ಅಂದರೆ ನಾನು ಖುಷಿಪಟ್ಟ ಆ 4.6ರಲ್ಲಿ ಗೌರಿಯ ಬೆನ್ನು, ಸೊಂಟ ಎಲ್ಲಾ ಇತ್ತು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಟೆಸ್ಟರ್ ಆಗಿ ಈ ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ, ಮಾಡಿಯೇ ಇರಲಿಲ್ಲ ಅಷ್ಟೇ. 24 ಲೀಟರ್ ಹಾಲಿಂದ ನೀರನ್ನೆಲ್ಲ ತೆಗೆದರೆ ಉಳಿಯುವುದು ಹತ್ತಿರ ಹತ್ತಿರ 3 ಕೆಜಿ. ಅದರಲ್ಲಿ ಹಾಲಿನ ಸಕ್ಕರೆಯೇ ಒಂದು ಕೆಜಿಗೂ ಮೇಲೆ. ನಾವು ಮನುಷ್ಯರು ಮುದ್ದೆ, ಅನ್ನ ತಿಂದರೆ ಸಕ್ಕರೆ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಹಸುವಿಗೆ ಆ ಸುಖ ಇಲ್ಲ. ತಿಂದಿದ್ದನ್ನೆಲ್ಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ಹುದುಗಿಸುತ್ತವೆ. ಅದರಿಂದ ಬಂದ ಆಮ್ಲಗಳಿಂದ ಲಿವರ್ರು ಸಕ್ಕರೆಯನ್ನು ಹೊಸದಾಗಿ ಮಾಡಬೇಕು. ದಿನಾ ಕೆಜಿಗಟ್ಟಲೆ. ಸುಣ್ಣದ ಅಂಶ ಬೇರೆ ದಿನಕ್ಕೆ 28, 29 ಗ್ರಾಂ ಹಾಲಲ್ಲೇ ಹೋಗುತ್ತದೆ.

ಇಷ್ಟೆಲ್ಲಾ ಹೊರಗೆ ಹೋಗುತ್ತಿರುವಾಗ ಮೈಗೆ ಇನ್ನೊಂದು ಕರು ಹೊರುವ ಯೋಚನೆ ಎಲ್ಲಿಂದ ಬರಬೇಕು? ಹಾಲು ಈಗಾಗಲೇ ಹುಟ್ಟಿರುವ ಕರುವಿಗೆ. ಗಬ್ಬ ಇನ್ನೂ ಹುಟ್ಟದಿರುವ ಕರುವಿಗೆ. ಹಸುವಿನ ಮೈ ಇದ್ದ ಕರುವಿನ ಪಾಲು ಮೊದಲು ನೋಡುತ್ತದೆ. ಯಾವ ತಾಯಿಯಾದರೂ ಹಾಗೇ ಅಲ್ವಾ?

ಕರು ಹಾಕಿ ಎರಡು ತಿಂಗಳಾದರೂ ಗೌರಿ ಬೆದೆಗೆ ಬರಲಿಲ್ಲ. ಬಂದಿದ್ದಳೋ ಏನೋ, ನಮಗೆ ಕಾಣಲಿಲ್ಲ. 95ನೇ ದಿನ, ಫೆಬ್ರವರಿ 15ರ ಬೆಳಗಿನ ಜಾವ ಹಾಲು ಕರೆಯೋಕೆ ಹೋದಾಗ ಬಾಲದ ಹತ್ತಿರ ಲೋಳೆ ಕಂಡಿತು. ಮೊಟ್ಟೆಯ ಬಿಳಿ ಇರುತ್ತದಲ್ಲ, ಹಾಗೇ ತಿಳಿಯಾಗಿ, ಕಡಿಯದೆ ನೆಲದವರೆಗೆ ಜೋತು ಬಿದ್ದಿತ್ತು. ಲೋಳೆ ಇಷ್ಟು ತಿಳಿ ಇದ್ದರೆ ಒಳಗೆ ಸೋಂಕಿಲ್ಲ ಅಂತ ಲೆಕ್ಕ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಬೇಕು, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಹಾಗೇ ಮಾಡಿದೆವು. ಸರಿಯಾಗಿ 21 ದಿನಕ್ಕೆ, ಮಾರ್ಚ್ 8ಕ್ಕೆ ಮತ್ತೆ ಬೆದೆ. ಮತ್ತೆ ಹಾಕಿಸಿದೆವು. ಮಾರ್ಚ್ 29ಕ್ಕೆ ಮತ್ತೆ.

ಆಮೇಲೆ ಏಪ್ರಿಲ್, ಮೇ ಪೂರಾ ಏನೂ ಇಲ್ಲ. ಗಬ್ಬ ನಿಂತಿರಬೇಕು ಅಂತ ನಾವು ಖುಷಿಯಾಗಿದ್ದೆವು. ಮೇ 31ಕ್ಕೆ ಪಕ್ಕದಲ್ಲಿ ಕಟ್ಟಿದ್ದ ಮಲ್ಲಿಯ ಮೇಲೆ ಹತ್ತೋಕೆ ಹೋದಳು. ಅಯ್ಯೋ ಅನಿಸಿತು. ನಡುವೆ ಎರಡು ಬೆದೆ ಬಂದು ಹೋಗಿದ್ದವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಸಿಮೆಂಟ್ ಶೀಟಿನ ಕೊಟ್ಟಿಗೆ, ಬೇಸಿಗೆಯ ಸೆಕೆ. ಇಂಥ ಹೊತ್ತಲ್ಲಿ ಬರುವ ಬೆದೆಗೆ ಮೂಕ ಬೆದೆ ಅನ್ನುತ್ತಾರೆ. ಕೂಗುವುದಿಲ್ಲ, ಹತ್ತುವುದಿಲ್ಲ, ಲೋಳೆಯೂ ಅಷ್ಟಕ್ಕಷ್ಟೆ. ಬಂದು ಹೋಗಿಬಿಡುತ್ತದೆ.

ಹಾಲು ಜಾಸ್ತಿ ಕೊಡುವ ಹಸುವಿನಲ್ಲಿ ಬೆದೆಯೇ ಚಿಕ್ಕದು ಅಂತ ತಂಗಿ ಮಗ ಹೇಳಿದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಳೆದು ನೋಡಿದ್ದಾರಂತೆ, 2004ರಲ್ಲಿ ಪ್ರಕಟ ಆಗಿದೆ. ದಿನಕ್ಕೆ 39.5 ಕೆಜಿಗಿಂತ ಕಡಿಮೆ ಹಾಲು ಕೊಡುವ ಹಸುಗಳು ಸರಾಸರಿ 10.9 ಗಂಟೆ ಬೆದೆಯಲ್ಲಿದ್ದವು. ಅದಕ್ಕಿಂತ ಜಾಸ್ತಿ ಕೊಡುವವು ಬರೀ 6.2 ಗಂಟೆ. ಆರು ಗಂಟೆ ಅಂದರೆ ರಾತ್ರಿ ಹತ್ತಕ್ಕೆ ಶುರುವಾಗಿ ನಾವು ಏಳುವುದರೊಳಗೆ ಮುಗಿದೇ ಹೋಯಿತು. ನಮ್ಮೂರ ಹಸುಗಳು 39 ಲೀಟರಿನ ಕನಸನ್ನೂ ಕಾಣುವುದಿಲ್ಲ, ಆ ಮಾತು ಬೇರೆ. ಆದರೆ ನಮ್ಮಲ್ಲಿ ಮೇವೂ ಅಲ್ಲಿಯ ಹಾಗಿಲ್ಲ. ನಮ್ಮ ಹಸುವಿಗೆ 24 ಲೀಟರೇ ಬೆಟ್ಟ ಹತ್ತಿದ ಹಾಗೆ.

ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಅವನು ಮತ್ತೆ ಲಿವರ್‌ಗೇ ಬಂದ. ಜಾಸ್ತಿ ಹಾಲು ಅಂದರೆ ಜಾಸ್ತಿ ಮೇವು. ಜಾಸ್ತಿ ಮೇವು ಅಂದರೆ ಲಿವರ್ ಮೂಲಕ ಹರಿಯುವ ರಕ್ತವೂ ಜಾಸ್ತಿ. ಬೆದೆ ತರಿಸುವ ಹಾರ್ಮೋನು, ಗಬ್ಬ ಹಿಡಿದಿಡುವ ಹಾರ್ಮೋನು ಎರಡನ್ನೂ ಲಿವರ್ರೇ ಕರಗಿಸುವುದು. ನನಗೆ ಅರ್ಥವಾಗಿದ್ದು ನಮ್ಮ ಹಿತ್ತಲ ನೀರಿನ ತೊಟ್ಟಿಯಿಂದ. ನಲ್ಲಿ ಅದೇ, ಬರುವ ನೀರೂ ಅಷ್ಟೇ. ತಳದ ತೂತು ದೊಡ್ಡದಾದರೆ ತೊಟ್ಟಿ ತುಂಬುವುದಿಲ್ಲ.

ಇನ್ನೊಂದು ಮಾತು ಹೇಳಿದ, ಅದು ನನ್ನನ್ನು ತುಂಬಾ ದಿನ ಕಾಡಿತು. ಬೆದೆ ದಿನ ಬಿಡುಗಡೆ ಆಗುವ ಮೊಟ್ಟೆ ಅವತ್ತು ತಯಾರಾದದ್ದಲ್ಲ. ಅದು ಎರಡು ಮೂರು ತಿಂಗಳ ಹಿಂದಿನಿಂದಲೇ ಅಂಡಾಶಯದಲ್ಲಿ ನಿಧಾನವಾಗಿ ಬೆಳೆಯುತ್ತಾ ಬಂದಿರುತ್ತದೆ. ಫೆಬ್ರವರಿಯಲ್ಲಿ ಹೊರಗೆ ಬಂದ ಮೊಟ್ಟೆ ಬೆಳೆದದ್ದು ಡಿಸೆಂಬರಿನಲ್ಲಿ, ಗೌರಿ ಮೂಳೆ ಬಿಟ್ಟುಕೊಂಡು 24 ಲೀಟರ್ ಕೊಡುತ್ತಿದ್ದಾಗ. ನಾವು ಅರಳಿಕಟ್ಟೆ ಮುಂದೆ ಮೆರೆಯುತ್ತಿದ್ದಾಗ.

ಜೂನ್ 22ಕ್ಕೆ ಐದನೇ ಸಲ ಹಾಕಿಸಿದೆವು. ಜುಲೈ 14ಕ್ಕೆ ಅದಕ್ಕೂ ಅಡ್ಡಗೆರೆ. ಊರಲ್ಲಿ ಮಾತು ಶುರುವಾಗಿತ್ತು. ಒಬ್ಬರು ಕೊಟ್ಟುಬಿಡಿ ಅಂದರು. ಒಬ್ಬರು ಬೆಲ್ಲ, ಮೊಳಕೆಕಾಳು ತಿನ್ನಿಸಿ ಅಂದರು. ಫೀಡ್ ಅಂಗಡಿಯವರೊಬ್ಬರು ಯಾವುದೋ ಡಬ್ಬಿ ಕೊಟ್ಟು ಒಂದು ಸಾವಿರ ತೆಗೆದುಕೊಂಡರು. ಅದರಿಂದ ಆದ ಉಪಯೋಗ ಅಂದರೆ, ಡಬ್ಬಿ ಚೆನ್ನಾಗಿತ್ತು, ಈಗ ಅದರಲ್ಲಿ ಉಪ್ಪು ಹಾಕಿಟ್ಟಿದ್ದೇನೆ.

ಡಾಕ್ಟರು ಬಂದು ಭುಜದವರೆಗೆ ಗ್ಲೌಸ್ ಹಾಕಿಕೊಂಡು ಕೈ ಹಾಕಿ ನೋಡಿದರು. ಗರ್ಭಕೋಶ ಚೆನ್ನಾಗಿದೆ ಅಂದರು. ಆಮೇಲೆ ಕೈ ತೊಳೆಯುತ್ತಾ ಕೇಳಿದರು, "ಏನಮ್ಮ, ಇದಕ್ಕೆ ಏನ್ ಹಾಕ್ತಿದ್ದೀರಿ?"

ಹೇಳಿದೆ. ಹಾಲು ಏರಿದ್ದೇ ತಡ, ಕಡಲೆಕಾಯಿ ಹಿಂಡಿ ಏರಿಸಿದ್ದೆ. ಬೂಸಾ, ಫೀಡ್ ಎರಡೂ ಸೇರಿ ಒಂದೇ ಹೊತ್ತಿಗೆ ಐದು ಕೆಜಿ. ಹಸಿರು ಅಷ್ಟಕ್ಕಷ್ಟೆ, ರಾಗಿಹುಲ್ಲು ಇದ್ದಷ್ಟು. ಅವರು ತಲೆ ಅಲ್ಲಾಡಿಸಿದರು. ಒಂದೇ ಸಲಕ್ಕೆ ಅಷ್ಟು ಹಾಕಿದರೆ ಹೊಟ್ಟೆ ಹುಳಿಯಾಗಿ ಹುಲ್ಲು ತಿನ್ನುವುದೂ ಕಡಿಮೆಯಾಗುತ್ತದೆ. ಮೈ ಇನ್ನೂ ಇಳಿಯುತ್ತದೆ. ಹಿಂಡಿ ಅತಿಯಾದರೆ ಅದರ ಪ್ರೋಟೀನ್ ರಕ್ತದಲ್ಲಿ ಯೂರಿಯಾ ಆಗಿ ಗರ್ಭಕೋಶದ ಹದವನ್ನೇ ಕೆಡಿಸಬಹುದು. ನಾನು ಒಳ್ಳೇದಾಗಲಿ ಅಂತ ಮಾಡಿದ್ದೆಲ್ಲ ಉಲ್ಟಾ ಆಗಿತ್ತು. ಒಂದು ಬೆದೆ ಬಿಡಿ, ಮೊದಲು ಮೈ ತುಂಬಲಿ, ದಿನಾ ಮಿನರಲ್ ಮಿಕ್ಸ್ಚರ್ ಕೊಡಿ ಅಂದು ಹೋದರು.

ಆಗಸ್ಟ್ 5ರ ಬೆದೆ ಹಾಗೇ ಬಿಟ್ಟೆವು. 27ರದಕ್ಕೆ ಫೋನ್ ಮಾಡಿದರೆ, ಸೆಮೆನ್ ಹಾಕುವವರು ಬರುತ್ತೇನೆ ಬರುತ್ತೇನೆ ಅಂತಲೇ ರಾತ್ರಿ ಮಾಡಿದರು. ಬರಲಿಲ್ಲ. 22 ದಿನ ಮತ್ತೆ ಕಾಯಬೇಕಾಯಿತು. ಲೆಕ್ಕ ಹಾಕಿದರೆ ಮುಂದಿನದು ಸೆಪ್ಟೆಂಬರ್ 18. ಗೌರಿ ಹಬ್ಬ! ಕತೆಗೆ ಬೇಕು ಅಂತ ಸೇರಿಸಿದ್ದಲ್ಲ, ಕ್ಯಾಲೆಂಡರ್ ಇದೆ, ಬಂದು ನೋಡಬಹುದು. ಅವತ್ತು ಬಾಗಿನ ಕೊಡೋದೂ ಬಿಟ್ಟು ಬೆಳಿಗ್ಗೆಯಿಂದ ನಾನು ಫೋನಿಗೇ ಅಂಟಿಕೊಂಡಿದ್ದೆ. ಸಂಜೆ ಐದಕ್ಕೆ ಬಂದರು. ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಬಂತು. ಮೈನಸ್ 196 ಡಿಗ್ರಿ ಅಂತೆ ಒಳಗೆ. ಸೆಮೆನ್ ತುಂಬಿದ ಕಡ್ಡಿಯಷ್ಟು ಸಣ್ಣ ಸ್ಟ್ರಾ ಎತ್ತಿ ಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಇಟ್ಟರು. ಹಬ್ಬದ ಒಬ್ಬಟ್ಟು ಕೊಟ್ಟು ಕಳಿಸಿದೆ.

ಆ ಸುತ್ತಿನ ಮೇಲೆ ಅಡ್ಡಗೆರೆ ಬೀಳಲಿಲ್ಲ.

ಮಿನರಲ್ ಪುಡಿಯಿಂದ ಆಯ್ತಾ, ಡಾಕ್ಟರ ಮಾತಿಂದ ಆಯ್ತಾ? ಅಷ್ಟೊತ್ತಿಗೆ ಗೌರಿಯ ಹಾಲು 10 ಲೀಟರಿಗೆ ಇಳಿದಿತ್ತು. ಸೊಂಟದ ಮೂಳೆ ಮುಚ್ಚಿಕೊಂಡಿತ್ತು. ನನ್ನ ಕೇಳಿದರೆ, ಮೈ ತುಂಬಿತು, ನಿಂತಳು, ಅಷ್ಟೇ.

2024ರ ಜೂನ್ 24ಕ್ಕೆ ಕರು ಹಾಕಿದಳು. ಕರುವಿಂದ ಕರುವಿಗೆ 590 ದಿನ. ಆ 590 ದಿನದಲ್ಲಿ ಅವಳು ಕೊಟ್ಟ ಹಾಲನ್ನು ನೋಟ್‌ಬುಕ್‌ನಲ್ಲಿ ಕೂಡಿದೆ, ಹತ್ತಿರ ಹತ್ತಿರ 5,300 ಲೀಟರ್. ದಿನಕ್ಕೆ ಹಂಚಿದರೆ 9 ಲೀಟರ್. ಹಾಲು ಬತ್ತಿಸುವ ಮುಂಚಿನ ಆರು ತಿಂಗಳು ನಾಲ್ಕೈದು ಲೀಟರಿಗೋಸ್ಕರ ಕರೆದದ್ದೂ ಅದರಲ್ಲಿದೆ. ಪಕ್ಕದಲ್ಲೇ ಮಲ್ಲಿ ಇದ್ದಾಳಲ್ಲ, ಜರ್ಸಿ ಕ್ರಾಸ್. ಅವಳು ಏರಿದ್ದು 14 ಲೀಟರಿಗೆ ಮಾತ್ರ. ಅವಳ ಹಾಲಿಗೆ ಅರಳಿಕಟ್ಟೆಯಲ್ಲಿ ಯಾವ ಮರ್ಯಾದೆಯೂ ಇಲ್ಲ. ಆದರೆ 392 ದಿನಕ್ಕೆ ಮತ್ತೆ ಕರು ಹಾಕಿದಳು. 3,260 ಲೀಟರ್. ದಿನಕ್ಕೆ 8.3. ಕ್ಯಾನಲ್ಲಿ 10 ಲೀಟರ್ ಇದ್ದ ವ್ಯತ್ಯಾಸ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೆ ಇಳಿಯಿತು. ಅದನ್ನೂ ಗೌರಿಯ ಹಿಂಡಿ, ಸೆಮೆನ್, ಡಾಕ್ಟರ ಫೀಸು ನುಂಗಿ ನೀರು ಕುಡಿದವು.

ಹಾಗಂತ ಕಡಿಮೆ ಹಾಲಿನ ಹಸುವೇ ಒಳ್ಳೇದು ಅಂತ ನಾನು ಹೇಳುತ್ತಿಲ್ಲ. ಇದನ್ನು ಓದಿ ಯಾರಾದರೂ ಹಳೇ ಕಾಲವೇ ಚೆಂದ, ನಾಟಿ ಹಸು ವರ್ಷಕ್ಕೊಂದು ಕರು ಹಾಕುತ್ತಿತ್ತು ಅಂತ ಶುರು ಮಾಡುತ್ತಾರೆ. ಅತ್ತೆಯನ್ನೇ ಕೇಳಿದೆ. ಅವರು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಹಳ್ಳಿಕಾರ್ ಹಸುಗಳಿದ್ದವು. "ಎಲ್ಲಿ ವರ್ಷಕ್ಕೊಂದು? ಎರಡು ವರ್ಷಕ್ಕೂ ಆಗದಿದ್ದದ್ದು ಉಂಟು. ಬೇಸಿಗೇಲಿ ಮೇಯಕ್ಕೆ ಏನಿತ್ತು? ಒಣಗಿದ ಹಸ ಬೆದೆಗೆ ಬತ್ತದಾ?" ಅಂದರು. ಒಂದೂವರೆ ಲೀಟರ್ ಕೊಡುವ ಹಸುವೂ ಮೈ ಒಣಗಿದರೆ ನಿಲ್ಲುವುದಿಲ್ಲ. ಇನ್ನೊಂದು ಕಡೆ, ನಮ್ಮ ಡೈರಿಗೇ ಹಾಲು ಹಾಕುವ ಒಬ್ಬರ ಮನೆಯಲ್ಲಿ 20 ಲೀಟರಿನ ಹಸು ಮೂರೇ ತಿಂಗಳಿಗೆ ಗಬ್ಬ ನಿಂತಿದೆ. ಅವರ ಮನೆಯಲ್ಲಿ ಬೋರ್‌ವೆಲ್ ಇದೆ, ವರ್ಷವಿಡೀ ಸೀಮೆಹುಲ್ಲು ಇದೆ. ಹಾಲಿಗೂ ಗಬ್ಬಕ್ಕೂ ಜಗಳ ಹುಟ್ಟುವುದು ಗೊಂತಿನಲ್ಲಿ ಮೇವು ಸಾಲದೇ ಹೋದಾಗ.

ತಳಿಯದೂ ಒಂದು ಪಾಲು ಇದೆ. ಅಮೆರಿಕದವರು ದಶಕಗಟ್ಟಲೆ ಹಾಲು ನೋಡಿಯೇ ಹೋರಿ ಆರಿಸಿದರು. ಹಾಲು ಏರಿತು, ಗಬ್ಬ ನಿಲ್ಲುವುದು ಇಳಿಯಿತು. ಕೊನೆಗೆ 2003ರಲ್ಲಿ, ಈ ಹೋರಿಯ ಹೆಣ್ಣುಮಕ್ಕಳು ಎಷ್ಟು ಬೇಗ ಗಬ್ಬ ನಿಲ್ಲುತ್ತವೆ ಅನ್ನುವುದಕ್ಕೂ ಅಂಕ ಕೊಡೋಕೆ ಶುರು ಮಾಡಿದರು. ನಾರ್ವೆಯವರು ಜಾಣರು, ತಮ್ಮ ಕೆಂಪು ಹಸುಗಳಿಗೆ 1972ರಿಂದಲೇ ಅದನ್ನು ಲೆಕ್ಕಕ್ಕೆ ಹಿಡಿದಿದ್ದರು. ನಮ್ಮಲ್ಲಿ ಹೆಸರಘಟ್ಟದ ಸೆಮೆನ್ ಕೇಂದ್ರದಿಂದ ಬರುವ ಸ್ಟ್ರಾ ಮೇಲೆ ಹೋರಿಯ ನಂಬರ್ ಇರುತ್ತದೆ. ಅದನ್ನು ನೋಡಿ ನಾವು ಕೇಳುವುದು ಒಂದೇ ಪ್ರಶ್ನೆ: ಇದರ ತಾಯಿ ಎಷ್ಟು ಲೀಟರ್? ಇನ್ನೊಂದು ಪ್ರಶ್ನೆ ಯಾರೂ ಕೇಳಿದ್ದು ನಾನು ಕಂಡಿಲ್ಲ. ನಮ್ಮ ತಪ್ಪೂ ಅಲ್ಲ ಬಿಡಿ. ಡೈರಿ ದುಡ್ಡು ಕೊಡುವುದು ಲೀಟರಿಗೆ. ಸರ್ಕಾರದ ಪ್ರೋತ್ಸಾಹಧನವೂ ಲೀಟರಿಗೆ. ಬೇಗ ಗಬ್ಬ ನಿಂತ ಹಸುವಿಗೆ ಯಾರೂ ಹಾರ ಹಾಕುವುದಿಲ್ಲ.

ಆದರೆ ಗಬ್ಬ ನಿಲ್ಲುವ ಗುಣದಲ್ಲಿ ರಕ್ತದಿಂದ ಬರುವ ಪಾಲು ತುಂಬಾ ಸಣ್ಣದಂತೆ, ನೂರಕ್ಕೆ ಐದರ ಆಸುಪಾಸು. ಮಿಕ್ಕಿದ್ದೆಲ್ಲ ಮೇವು, ನೆರಳು, ನೋಡಿಕೊಳ್ಳುವವರ ಕಣ್ಣು. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

2024ರ ಸೂಲಿಗೆ ಬೇರೆ ಥರ ಮಾಡಿದೆವು. ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿದೆ. ಮೊದಲೆಲ್ಲ ಆಸೆಗೆ ಕೊನೆಯವರೆಗೂ ಕರೆಯುತ್ತಿದ್ದೆ. ಕೊನೆಯ ಮೂರು ವಾರ ಫೀಡ್ ಸ್ವಲ್ಪ ಸ್ವಲ್ಪವೇ ಏರಿಸಿದೆ, ಹೊಟ್ಟೆಗೆ ಅಭ್ಯಾಸ ಆಗಲಿ ಅಂತ. ಕರು ಹಾಕಿದ ಮೇಲೆ ಅದನ್ನೇ ದಿನಕ್ಕೆ ನಾಲ್ಕು ಸಲ ಮಾಡಿ ಹಾಕಿದೆ. ಮುಸುಕಿನ ಜೋಳ ಹಾಲುಗಾಳಿನಲ್ಲಿ ಇರುವಾಗಲೇ ಕತ್ತರಿಸಿ ಕೊಟ್ಟೆವು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆವು. ಹಾಲು 22ಕ್ಕೆ ನಿಂತಿತು. ನಮ್ಮನೆಯವರಿಗೆ ಆ ಎರಡು ಲೀಟರಿನ ಕೊರಗು ಇನ್ನೂ ಇದೆ. ನಾನು ಮಾತ್ರ ವಾರಕ್ಕೊಮ್ಮೆ ಸೊಂಟದ ಮೂಳೆ ಮುಟ್ಟಿ ನೋಡುತ್ತಿದ್ದೆ. ಎರಡನೇ ಸಲಕ್ಕೇ, ಅಕ್ಟೋಬರ್ 7ಕ್ಕೆ ನಿಂತಳು. ಹೋದ ಜುಲೈ 14ಕ್ಕೆ ಕರು. 385 ದಿನ. ಈ ಸಲ ಗಂಡು, ಇರಲಿ.

ಇದನ್ನು ಬರೆಯುತ್ತಿರುವುದು 2025ರ ಅಕ್ಟೋಬರ್ 18, ಶನಿವಾರ ರಾತ್ರಿ. ಸೋಮವಾರ ನರಕ ಚತುರ್ದಶಿ, ಹಂಡೆ ಇನ್ನೂ ತೊಳೆದಿಲ್ಲ. ಗೌರಿಗೆ ಸೆಪ್ಟೆಂಬರ್ 27ಕ್ಕೆ ಹಾಕಿಸಿದ್ದೆವು. ಇವತ್ತಿಗೆ 21 ದಿನ. ಬೆಳಿಗ್ಗೆ ಏನೂ ಕಾಣಲಿಲ್ಲ, ಸಂಜೆಯೂ ಇಲ್ಲ. ಅತ್ತೆ ಆಗಲೇ ಒಂದ್ಸಲ ಹೋಗಿ ಬಂದು, "ಮೆಲುಕು ಹಾಕ್ತಾ ಮಲಗದೆ, ಸುಮ್ಕಿರು" ಅಂದರು. ಮೂಕ ಬೆದೆಯನ್ನು ನಂಬೋಕಾಗಲ್ಲ. ಗಂಟೆ ಹತ್ತಾಯಿತು. ಟಾರ್ಚ್ ಎಲ್ಲಿಟ್ಟಿದ್ದಾರೋ ನೋಡಬೇಕು.